ಸೂಕ್ಷ್ಮಜೀವಿಗಳ ಕಾಯಕ ಮತ್ತು ನಮ್ಮ ಮನೆಯ ತಿಪ್ಪೆ



ಮಣ್ಣಿಗೆ ಬಿದ್ದುದೆಲ್ಲವೂ ಕೊನೆಗೆ ಮಣ್ಣೇ ಆಗುವುದೆಂಬ ನಂಬಿಕೆಯ ಮೇಲೆ ನಮ್ಮ ಹಿರಿಯರ ಒಕ್ಕಲುತನವೂ ಮನೆವಾರ್ತೆಯೂ ನಿಂತಿದ್ದವು. ಲಿಂಗಪೂಜೆಗೆ ಏರಿಸಿದ ಪತ್ರಿ-ಪುಷ್ಪ, ಉಂಡೆತ್ತಿದ ಮುತ್ತಲ ಎಲೆ, ಕೊಟ್ಟಿಗೆಯ ಸಗಣಿ-ಗಂಜಲ, ಒಲೆಯ ಬೂದಿ, ಹರಿದುಹೋದ ಗೋಣಿ, ಇವೆಲ್ಲವೂ ಹಿತ್ತಿಲ ತಿಪ್ಪೆಯನ್ನು ಸೇರಿ, ವರುಷ ತಿರುಗುವುದರೊಳಗೆ ಕರಿಯ ಗೊಬ್ಬರವಾಗಿ ಹೊಲಕ್ಕೆ ನಡೆಯುತ್ತಿದ್ದವು. ತಿಪ್ಪೆಯನ್ನು ನಮ್ಮ ಜನ ಹೊಲಸೆಂದು ಎಣಿಸಲಿಲ್ಲ, ಐಶ್ವರ್ಯವೆಂದು ಎಣಿಸಿದರು. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪವಿಡುವ ಪದ್ಧತಿ ನಮ್ಮ ಹಲವು ಹಳ್ಳಿಗಳಲ್ಲಿ ಉಂಟು. ಆ ದೀಪದ ಅರ್ಥ ದೊಡ್ಡದು. ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಿಗಳು ಆ ರಾಶಿಯೊಳಗೆ ಹಗಲಿರುಳು ಕಾಯಕ ಮಾಡಿ, ನಾವು ಬೇಡವೆಂದು ಬಿಟ್ಟುದನ್ನು ಮತ್ತೆ ಅನ್ನವಾಗುವಂತೆ ಮಾಡುತ್ತವೆ. ಪ್ರಸಾದದ ತತ್ತ್ವಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇರೆ ಯಾವುದಿದ್ದೀತು?

ಇಂದು ಅದೇ ತಿಪ್ಪೆಯನ್ನು ಸಲಿಕೆಯಿಂದ ತಿರುವಿ ನೋಡಿರಿ. ಗೊಬ್ಬರದ ನಡುವೆ ಹಾಲಿನ ಪ್ಯಾಕೆಟ್ಟು, ಬೀಜದ ಚೀಲದ ಒಳಹಾಳೆ, ಸಂತೆಯ ಕವರು, ತಾಂಬೂಲದ ಥೈಲಿ ಇಣುಕುತ್ತವೆ. ಐದು ವರ್ಷದ ಹಿಂದಿನವೂ ಇರುತ್ತವೆ, ಹದಿನೈದು ವರ್ಷದ ಹಿಂದಿನವೂ ಇರುತ್ತವೆ. ಗೊಬ್ಬರವೆಲ್ಲ ಕಳಿತು ಮಣ್ಣಾಗಿದ್ದರೂ ಅವು ಮಾತ್ರ ನಿನ್ನೆ ಅಂಗಡಿಯಿಂದ ಬಂದಂತೆಯೇ ಉಳಿದಿರುತ್ತವೆ.

ಈ ಸಂಗತಿಯನ್ನು ಕುರಿತು ಭಕ್ತರಲ್ಲಿ ಕೆಲವರು ಈಚೆಗೆ ಒಂದು ಪ್ರಶ್ನೆಯನ್ನು ಎತ್ತುತ್ತಿದ್ದಾರೆ. “ಪ್ಲಾಸ್ಟಿಕ್ ತಿನ್ನುವ ಹುಳು ದೊರೆತಿದೆ, ಬ್ಯಾಕ್ಟೀರಿಯಾ ದೊರೆತಿದೆ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ವಿಜ್ಞಾನಿಗಳು ದಾರಿ ಕಂಡುಕೊಂಡಿರುವಾಗ ದಾಸೋಹದಲ್ಲಿ, ಜಾತ್ರೆಯಲ್ಲಿ, ಮನೆಯಲ್ಲಿ ಇಷ್ಟೊಂದು ಕಟ್ಟುನಿಟ್ಟು ಏಕೆ?” ಪ್ರಶ್ನೆ ಯೋಗ್ಯವಾದುದೇ ಆಗಿದೆ. ಪ್ರಶ್ನಿಸದೆ ಒಪ್ಪುವುದು ಶರಣರ ಮಾರ್ಗವಲ್ಲ. ಆದುದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ಎತ್ತಿಕೊಳ್ಳೋಣ.

ಮೊದಲು ಈ ವಸ್ತುವಿನ ಹುಟ್ಟನ್ನು ತಿಳಿಯಬೇಕು. ನಾವು ಕವರು, ಚೀಲ, ಹಾಳೆ ಎಂದು ಕರೆಯುವ ಬಹುಪಾಲು ವಸ್ತು ಪಾಲಿಥೀನ್. 1933ರ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಚೆಶೈರ್ ಪ್ರಾಂತ್ಯದ ವಿನಿಂಗ್ಟನ್ ಎಂಬಲ್ಲಿ, ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ, ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲವನ್ನು ಇನ್ನೊಂದು ದ್ರವದೊಡನೆ ಅತ್ಯಧಿಕ ಒತ್ತಡದಲ್ಲಿ ಕಾಯಿಸಿದಾಗ, ಪಾತ್ರೆಯೊಳಗೆ ಮೇಣದಂಥ ಬಿಳಿಯ ಪದಾರ್ಥವೊಂದು ಉಳಿದಿತ್ತು. ಅವರು ಅರಸಿದ್ದು ಅದನ್ನಲ್ಲ. ಅದು ತಾನಾಗಿ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಯಂತ್ರಗಳ ತಂತಿಗಳಿಗೆ ಹೊದಿಕೆಯಾಗಿ ಅದು ಕೆಲಸಕ್ಕೆ ಬಂದಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಅದನ್ನು ತಯಾರಿಸುವ ವಿಧಾನ ಕಂಡುಹಿಡಿದು, 1963ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಅವರೊಡನೆ ನೊಬೆಲ್ ಪಾರಿತೋಷಕ ಪಡೆದರು. ಇಂದು ಎಲ್ಲರ ಕೈಯಲ್ಲಿ ತೂಗಾಡುವ ಹಿಡಿಕೆಯ ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. ಅದಕ್ಕೆ 1965ರಲ್ಲಿ ಪೇಟೆಂಟ್ ದೊರೆಯಿತು.

ಈ ತಾರೀಖುಗಳನ್ನು ಹೇಳಿದ ಕಾರಣವಿಷ್ಟೆ. ಬ್ಯಾಕ್ಟೀರಿಯಾಗಳು ಈ ಭೂಮಿಯ ಮೇಲೆ 350 ಕೋಟಿ ವರ್ಷಗಳಷ್ಟು ಹಿಂದೆಯೇ ಇದ್ದವು. ಎಲೆ, ಮರ, ಹುಲ್ಲು, ಎಲುಬು, ತೊಗಲು ಮುಂತಾದವುಗಳನ್ನು ಕಳಿಸುವ ವಿದ್ಯೆಯನ್ನು ಅವು ಕೋಟಿ ಕೋಟಿ ವರ್ಷಗಳಲ್ಲಿ ಸಾಧಿಸಿಕೊಂಡವು. ಪಾಲಿಥೀನಿಗಾದರೋ ನೂರು ವರ್ಷವೂ ತುಂಬಿಲ್ಲ. ಅಷ್ಟು ಹೊಸದಾದ ವಸ್ತುವನ್ನು ಅವುಗಳ ಮುಂದೆ ರಾಶಿ ಹಾಕಿ, “ತಿನ್ನಿರಿ” ಎಂದು ನಾವು ಕೈತೊಳೆದುಕೊಳ್ಳುತ್ತಿದ್ದೇವೆ.

ರಾಶಿ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಮೂವರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2015ರ ವರೆಗೆ ಜಗತ್ತು ತಯಾರಿಸಿದ ಎಲ್ಲ ಬಗೆಯ ಪ್ಲಾಸ್ಟಿಕ್ಕಿನ ಮೊತ್ತ ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಕಸವಾಯಿತು. ಕಸವಾದುದರಲ್ಲಿ ಮತ್ತೆ ಬಳಕೆಗೆ ಬಂದದ್ದು ನೂರಕ್ಕೆ 9 ಪಾಲು, ಸುಟ್ಟದ್ದು 12 ಪಾಲು. ಮಿಕ್ಕ 79 ಪಾಲು ಕಸದ ಗುಡ್ಡೆಗಳಲ್ಲಿಯೂ ಹೊಲ, ಹಳ್ಳ, ಸಮುದ್ರಗಳಲ್ಲಿಯೂ ಸಂಗ್ರಹವಾಯಿತು.

ಇನ್ನು, ಪಾಲಿಥೀನ್ ಏಕೆ ಕಳಿಯುವುದಿಲ್ಲ ಎಂಬುದನ್ನು ನೋಡೋಣ. ಸೂಕ್ಷ್ಮಜೀವಿಗೆ ಬಾಯಿಲ್ಲ, ಹಲ್ಲಿಲ್ಲ. ಅದು ಕಿಣ್ವವೆಂಬ ರಸವನ್ನು ಹೊರಸೂಸಿ, ತನ್ನ ಮೈಹೊರಗೇ ಆಹಾರವನ್ನು ತುಂಡರಿಸಿ, ಬಳಿಕ ಆ ತುಣುಕುಗಳನ್ನು ಒಳಗೆ ಹೀರಿಕೊಳ್ಳುತ್ತದೆ. ಹತ್ತಿಯ ನಾರಿನಲ್ಲಿ ಒಂದು ಸಕ್ಕರೆಯ ಕಣಕ್ಕೂ ಇನ್ನೊಂದಕ್ಕೂ ನಡುವೆ ಆಮ್ಲಜನಕದ ಕೊಂಡಿ ಇರುತ್ತದೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಕಿಣ್ವವು ಆ ಕೊಂಡಿಗೆ ಹೊಂದಿ ಅದನ್ನು ಬಿಚ್ಚುತ್ತದೆ. ಪಾಲಿಥೀನಿನಲ್ಲಿ ಅಂಥ ಕೊಂಡಿಗಳಿಲ್ಲ. ಅದು ಇಂಗಾಲಕ್ಕೆ ಇಂಗಾಲ ಬಿಗಿದುಕೊಂಡು, ಮೈತುಂಬ ಜಲಜನಕ ಹೊದ್ದುಕೊಂಡಿರುವ ಸಾವಿರಾರು ಮಣಿಗಳ ಸರ. ಎಣ್ಣೆ ಸವರಿದ ಹಗ್ಗದಂತೆ ಹಿಡಿತಕ್ಕೆ ಸಿಕ್ಕದು. ಅದರ ಮೇಲೆ ನೀರು ನಿಲ್ಲದು. ನೀರಿಲ್ಲದೆಡೆ ಕಿಣ್ವದ ಆಟ ನಡೆಯದು.

ಮೇಣದಬತ್ತಿಯ ಮೇಣವೂ ಇದೇ ಕುಲದ್ದು. ಆದರೆ ಅದರ ಸರದಲ್ಲಿ ಸಾಮಾನ್ಯವಾಗಿ 20ರಿಂದ 40 ಇಂಗಾಲದ ಮಣಿಗಳಿರುತ್ತವೆ. ಅಷ್ಟು ಗಿಡ್ಡ ಸರವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಉಂಟು. ಪಾಲಿಥೀನಿನ ಉದ್ದ ಸರವನ್ನು ಮಾತ್ರ ಅವು ಹಾಗೆಯೇ ನುಂಗಲಾರವು. ಯಾರಾದರೂ ಮೊದಲು ಅದನ್ನು ಕತ್ತರಿಸಿ ಗಿಡ್ಡ ಮಾಡಿಕೊಡಬೇಕು. ಆ ಕತ್ತರಿಯ ಕೆಲಸವನ್ನು ಹೆಚ್ಚಾಗಿ ಮಾಡುವುದು ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಅದರ ಹೊಡೆತಕ್ಕೆ ಸರದಲ್ಲಿ ಅಲ್ಲಲ್ಲಿ ಆಮ್ಲಜನಕ ಸೇರಿ, ಹಾಳೆ ಹಪ್ಪಳದಂತೆ ಪುಡಿಯಾಗುತ್ತದೆ. ಕೊಟ್ಟಿಗೆಯ ಮೇಲೆ ಹೊದಿಸಿದ ಹಾಳೆ ಎರಡು ಮೂರು ಬೇಸಗೆಗೆ ಚೂರುಚೂರಾಗುವುದನ್ನು ರೈತರೆಲ್ಲರೂ ಕಂಡಿದ್ದಾರೆ. ತಿಪ್ಪೆಯ ಒಳಗೆ ಅಥವಾ ಮಣ್ಣಿನ ಅಡಿಯಲ್ಲಿ ಬಿಸಿಲೇ ಇಲ್ಲವಾದುದರಿಂದ ಆ ಮೊದಲ ಹೆಜ್ಜೆಯೇ ನಡೆಯದು. ಹೂಳಿದರೆ ಬೇಗ ಕಳಿಯುತ್ತದೆ ಎಂಬುದು ಸೊಪ್ಪುಸದೆಗೆ ಹೊಂದುವ ಮಾತು. ಪಾಲಿಥೀನಿಗೆ ಅದರ ವಿರುದ್ಧವೇ ಸತ್ಯ.

ಇದನ್ನು ಪರೀಕ್ಷಿಸಿ ನೋಡಿದವರು ಸ್ವೀಡನ್ನಿನ ವಿಜ್ಞಾನಿ ಆನ್-ಕ್ರಿಸ್ಟೀನ್ ಆಲ್ಬರ್ಟ್ಸನ್. ಅವರು ವಿಕಿರಣದ ಗುರುತುಳ್ಳ ಇಂಗಾಲದಿಂದ ಪಾಲಿಥೀನ್ ತಯಾರಿಸಿ, ಮಣ್ಣಿನಲ್ಲಿಟ್ಟು, ಅದರ ಇಂಗಾಲವು ಸೂಕ್ಷ್ಮಜೀವಿಗಳ ಉಸಿರಾಗಿ ಎಷ್ಟು ಹೊರಬರುತ್ತದೆಂದು ಹತ್ತು ವರ್ಷ ಅಳೆದರು. ಮೊದಲೇ ನೇರಳಾತೀತ ಕಿರಣಕ್ಕೆ ಒಡ್ಡಿದ್ದ ಹಾಳೆಯಿಂದ ಹತ್ತು ವರ್ಷಕ್ಕೆ ಹೊರಬಂದದ್ದು ನೂರಕ್ಕೆ ಅರ್ಧ ಪಾಲು ಮಾತ್ರ. ಒಡ್ಡದಿದ್ದ ಹಾಳೆಯಿಂದ ಅದಕ್ಕಿಂತಲೂ ಕಡಿಮೆ, ನೂರಕ್ಕೆ 0.2 ಪಾಲೂ ಇಲ್ಲ. ಜಪಾನಿನಲ್ಲಿ 32 ವರ್ಷ ಮಣ್ಣಿನಲ್ಲಿ ಹೂತಿದ್ದ ಪಾಲಿಥೀನನ್ನು ಅಗೆದು ನೋಡಿದ ವರದಿ 1995ರಲ್ಲಿ ಪ್ರಕಟವಾಯಿತು. ಮಣ್ಣಿಗೆ ನೇರವಾಗಿ ತಗುಲಿದ ತೆಳುಭಾಗಗಳು ಬೆಳ್ಳಗಾಗಿ ಕೆಟ್ಟಿದ್ದವು. ಮಿಕ್ಕುದು ಬಹುಮಟ್ಟಿಗೆ ಇದ್ದಂತೆಯೇ ಇತ್ತು.

ಹತ್ತು ವರ್ಷಕ್ಕೆ ನೂರಕ್ಕೆ ಅರ್ಧ ಪಾಲು ಎಂಬ ಗತಿಯನ್ನೇ ಹಿಡಿದು ಲೆಕ್ಕ ಹಾಕಿದರೆ, ಒಂದು ಹಾಳೆ ಪೂರ್ತಿ ಕಳಿಯಲು 2000 ವರ್ಷ ಬೇಕು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯ ಹಿತ್ತಿಲಲ್ಲಿ ಯಾರಾದರೂ ಇಂಥದೊಂದು ಚೀಲವನ್ನು ಬಿಸಾಡಿದ್ದರೆ, ಈ ಲೆಕ್ಕದಂತೆ ಅದರ ಅರ್ಧಕ್ಕೂ ಹೆಚ್ಚು ಭಾಗ ಇಂದಿಗೂ ಅಲ್ಲಿಯೇ ಇರುತ್ತಿತ್ತು. ಶರಣರು ನಮಗೆ ವಚನಗಳನ್ನು ಬಿಟ್ಟುಹೋದರು. ನಾವು ನಮ್ಮ ಮರಿಮಕ್ಕಳ ಮರಿಮಕ್ಕಳಿಗೆ ಬಿಟ್ಟುಹೋಗುತ್ತಿರುವುದು ಏನೆಂದು ಯೋಚಿಸಬೇಕಾಗಿದೆ.

ಹಾಗಾದರೆ ಪತ್ರಿಕೆಗಳ ಸುದ್ದಿ ಸುಳ್ಳೇ? ಸುಳ್ಳಲ್ಲ. ವಿಜ್ಞಾನಿಗಳು ಕಂಡದ್ದು ನಿಜವಾದುದೇ. ಅದನ್ನು ಅಳತೆಯೊಡನೆ ತಿಳಿಯಬೇಕು.

ಇಸ್ರೇಲ್ ದೇಶದಲ್ಲಿ ಬೆಳೆಗಳ ಬುಡಕ್ಕೆ ಹೊದಿಸಿದ ಪಾಲಿಥೀನ್ ಹಾಳೆಗಳು ಹೂತುಹೋಗಿದ್ದ ಮಣ್ಣಿನಿಂದ ರೋಡೋಕಾಕಸ್ ರೂಬರ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಅದು ಹಾಳೆಯ ಮೇಲೆ ತೆಳುಪೊರೆಯಂತೆ ಹಬ್ಬಿ, 30 ದಿನಗಳಲ್ಲಿ ಅದರ ತೂಕವನ್ನು ನೂರಕ್ಕೆ 8ರವರೆಗೆ ಇಳಿಸಿತೆಂದು 2004ರಲ್ಲಿ ಪ್ರಕಟವಾಯಿತು. ಆದರೆ ಆ ಹಾಳೆಯನ್ನು ಮೊದಲೇ ನೇರಳಾತೀತ ಬೆಳಕಿನಲ್ಲಿ ಹದಗೊಳಿಸಲಾಗಿತ್ತು. ನಮ್ಮ ನೆರೆಯ ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕೆ. ಕದಿರೇಶನ್ ಅವರು ಕಾಂಡ್ಲಾ ಕಾಡಿನ ಕೆಸರಿನಲ್ಲಿ ಪಾಲಿಥೀನ್ ಚೀಲಗಳನ್ನಿಟ್ಟು ನೋಡಿ, 9 ತಿಂಗಳಲ್ಲಿ ನೂರಕ್ಕೆ 4.21ರವರೆಗೆ ತೂಕ ಕಡಿಮೆಯಾದುದನ್ನು 2003ರಲ್ಲಿ ತಿಳಿಸಿದರು. ಚೀನಾದ ವಿಜ್ಞಾನಿಗಳು, ರವೆ-ಹಿಟ್ಟಿನ ಡಬ್ಬಿಗಳಲ್ಲಿ ಬಲೆ ಕಟ್ಟುವ ಪತಂಗದ ಮರಿಹುಳುವೊಂದರ ಕರುಳಿನಿಂದ ಎರಡು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ, 60 ದಿನಗಳಲ್ಲಿ ಒಂದು ನೂರಕ್ಕೆ ಸುಮಾರು 6, ಇನ್ನೊಂದು ಸುಮಾರು 11 ಪಾಲು ಹಾಳೆಯನ್ನು ಕರಗಿಸಿದುದನ್ನು 2014ರಲ್ಲಿ ಪ್ರಕಟಿಸಿದರು. 2024ರಲ್ಲಿ ನೆದರ್ಲೆಂಡ್ಸಿನ ಸಮುದ್ರವಿಜ್ಞಾನಿಗಳು ಒಂದು ಕಡಲಿನ ಬೂಷ್ಟನ್ನು ವರ್ಣಿಸಿದರು. ಬಿಸಿಲಿನ ನೇರಳಾತೀತ ಕಿರಣ ತಗುಲಿದ ಪಾಲಿಥೀನನ್ನು ಅದು ದಿನಕ್ಕೆ ನೂರಕ್ಕೆ 0.05ರಷ್ಟು ಕರಗಿಸುತ್ತದೆ, ಕಿರಣ ತಗುಲದುದನ್ನು ಮುಟ್ಟದು.

ಎಲ್ಲಕ್ಕಿಂತ ಹೆಚ್ಚು ಸುದ್ದಿ ಮಾಡಿದ್ದು ಮೇಣದ ಹುಳು. ಸ್ಪೇನ್ ದೇಶದಲ್ಲಿ ಕೆಲಸ ಮಾಡುತ್ತಿದ್ದ ಫೆಡೆರಿಕಾ ಬೆರ್ಟೊಕ್ಕಿನಿ ಎಂಬ ವಿಜ್ಞಾನಿ ಜೇನು ಸಾಕುವವರೂ ಆಗಿದ್ದರು. ಪೆಟ್ಟಿಗೆಗೆ ಹತ್ತಿದ ಮೇಣದ ಹುಳುಗಳನ್ನು ಆರಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟರೆ, ಸ್ವಲ್ಪ ಹೊತ್ತಿಗೆ ಚೀಲವೆಲ್ಲ ತೂತಾಗಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದವರೊಡನೆ ಸೇರಿ ಅವರು 2017ರಲ್ಲಿ ಪ್ರಕಟಿಸಿದಂತೆ, ಸುಮಾರು 100 ಹುಳುಗಳು 12 ತಾಸಿನಲ್ಲಿ 92 ಮಿಲಿಗ್ರಾಂ ಪಾಲಿಥೀನನ್ನು ಕಳೆದವು. ಜೇನುಮೇಣವೂ ಉದ್ದನೆಯ ಇಂಗಾಲದ ಸರಗಳನ್ನುಳ್ಳದ್ದು. ಅದನ್ನು ತಿಂದು ಬಾಳುವ ಹುಳುವಿಗೆ ಈ ಶಕ್ತಿ ಇದ್ದುದು ಸೋಜಿಗವಲ್ಲ. 2022ರಲ್ಲಿ ಅದೇ ವಿಜ್ಞಾನಿಗಳ ತಂಡ ಆ ಹುಳುವಿನ ಜೊಲ್ಲಿನಲ್ಲಿ ಎರಡು ಕಿಣ್ವಗಳನ್ನು ಗುರುತಿಸಿತು. ಅವು ಬೆಂಕಿ-ಬಿಸಿಲುಗಳ ನೆರವಿಲ್ಲದೆ, ಕೋಣೆಯ ಉಷ್ಣತೆಯಲ್ಲಿಯೇ ಕೆಲವೇ ತಾಸುಗಳಲ್ಲಿ ಪಾಲಿಥೀನಿನ ಸರಕ್ಕೆ ಆಮ್ಲಜನಕವನ್ನು ಸೇರಿಸಬಲ್ಲವು. ಬಿಸಿಲು ತಿಂಗಳುಗಟ್ಟಲೆ ಮಾಡುವ ಮೊದಲ ಹೆಜ್ಜೆಯನ್ನು ಒಂದು ಹುಳುವಿನ ಜೊಲ್ಲು ಮಾಡುತ್ತದೆ ಎಂದರೆ, ಸೃಷ್ಟಿಯ ಸೂಕ್ಷ್ಮತೆಗೆ ಶರಣೆನ್ನಲೇಬೇಕು.

ಈಗ ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳೋಣ. ಸಾಧಾರಣ ಕೈಚೀಲವೊಂದರ ತೂಕವನ್ನು 5 ಗ್ರಾಂ ಎಂದು ಹಿಡಿಯಿರಿ. ಮೇಲೆ ಹೇಳಿದ ವೇಗದಲ್ಲಿ 100 ಹುಳುಗಳು ಹಗಲು ರಾತ್ರಿ ದುಡಿದರೂ ಅದೊಂದು ಚೀಲ ಮುಗಿಯಲು 27 ದಿನ ಬೇಕು. ಆ ಹುಳುಗಳೋ ಜೇನುಗೂಡುಗಳಿಗೆ ಮಾರಿ. ಅವನ್ನು ಸಾಕಿ ಊರೂರಿಗೆ ಬಿಟ್ಟರೆ ಪ್ಲಾಸ್ಟಿಕ್ ಹೋಗುವ ಮೊದಲು ಜೇನೇ ಹೋದೀತು. ಅಲ್ಲದೆ ಕಡಿಯುವುದು ಬೇರೆ, ಜೀರ್ಣಿಸಿಕೊಳ್ಳುವುದು ಬೇರೆ. ಇಲಿ ಗೋಣಿಚೀಲವನ್ನು ಕಡಿದು ತೂತು ಮಾಡುತ್ತದೆ, ಅಷ್ಟರಿಂದ ಗೋಣಿ ಅದರ ಆಹಾರವಾಗದು. ಮೇಣದ ಹುಳು ಪಾಲಿಥೀನನ್ನು ನಿಜವಾಗಿಯೂ ಬೇರೆ ವಸ್ತುವಾಗಿ ಮಾರ್ಪಡಿಸಿತೇ, ಅಥವಾ ಪರೀಕ್ಷೆಯಲ್ಲಿ ಕಂಡ ಗುರುತು ಹುಳುವಿನ ಮೈಯ ಕೊಬ್ಬು-ಮಾಂಸದ ಅಂಟಿನದೇ ಎಂದು ಜರ್ಮನಿಯ ವಿಜ್ಞಾನಿಗಳು ಅದೇ 2017ರಲ್ಲಿ ಆಕ್ಷೇಪ ಎತ್ತಿದರು. ವಿಜ್ಞಾನವೂ ಒಂದು ಅನುಭವ ಮಂಟಪವೇ. ಅಲ್ಲಿ ಒಬ್ಬರು ಹೇಳಿದುದನ್ನು ಇನ್ನೊಬ್ಬರು ಒರೆಗೆ ಹಚ್ಚಿ ನೋಡಿದ ಮೇಲೆಯೇ ಅದಕ್ಕೆ ಬೆಲೆ.

ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕು. 2016ರಲ್ಲಿ ಜಪಾನಿನ ಸಕಾಯ್ ನಗರದಲ್ಲಿ ದೊರೆತ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕನ್ನು ತಿಂದು ಬದುಕುತ್ತದೆ ಎಂಬುದು ನಿಜ. ಆದರೆ ಅದು ತಿನ್ನುವುದು ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು, ಎಂದರೆ ಪಿ.ಇ.ಟಿ. ಎಂಬುದನ್ನು. ಅದರ ಸರದಲ್ಲಿ ಕಿಣ್ವ ಹಿಡಿಯಬಲ್ಲ ಕೊಂಡಿಗಳಿವೆ. ನಮ್ಮ ಹಾಲಿನ ಪ್ಯಾಕೆಟ್ಟಿಗೂ ಸಂತೆಯ ಚೀಲಕ್ಕೂ ಆ ಬ್ಯಾಕ್ಟೀರಿಯಾದಿಂದ ಪ್ರಯೋಜನವಿಲ್ಲ. ‘ಪ್ಲಾಸ್ಟಿಕ್’ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು. ಒಬ್ಬ ದಾಯಾದಿಯ ಕತೆಯನ್ನು ಇನ್ನೊಬ್ಬನಿಗೆ ಹೇಳಬಾರದು.

ಈ ಮಾತಿನ ಸತ್ಯ ನಮಗೆ ಅತ್ಯಂತ ನೋವಿನಿಂದ ತಿಳಿಯುವುದು ಗೋವಿನಲ್ಲಿ. ಮೆಲುಕು ಹಾಕುವ ಪಶುವಿನ ದೊಡ್ಡ ಹೊಟ್ಟೆ ಎಂದರೆ ಸೂಕ್ಷ್ಮಜೀವಿಗಳ ಮಹಾಮಠವಿದ್ದಂತೆ. ನಾವು ಜೀರ್ಣಿಸಿಕೊಳ್ಳಲಾರದ ಕಣಿಕೆ-ಹೊಟ್ಟನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಕರಗಿಸಿ ಹಾಲಿಗೆ ದಾರಿ ಮಾಡುತ್ತವೆ. ಆಸ್ಟ್ರಿಯಾ ದೇಶದ ವಿಜ್ಞಾನಿಗಳು 2021ರಲ್ಲಿ, ದನದ ಹೊಟ್ಟೆಯ ಆ ರಸವು ಪಾಲಿಎಸ್ಟರ್ ಕುಲದ ಮೂರು ಬಗೆಯ ಪ್ಲಾಸ್ಟಿಕ್ಕನ್ನು ಒಡೆಯಬಲ್ಲದೆಂದು ತೋರಿಸಿದರು. ಪಾಲಿಥೀನ್ ಆ ಕುಲಕ್ಕೆ ಸೇರಿದುದಲ್ಲ. ಆದುದರಿಂದ, ಬೀದಿಯಲ್ಲಿ ಗಂಟು ಹಾಕಿ ಎಸೆದ ಕವರಿನಲ್ಲಿ ಅನ್ನದ ವಾಸನೆ ಹಿಡಿದು ಬಂದ ಆಕಳು, ಗಂಟು ಬಿಚ್ಚಲಾರದೆ ಕವರು ಸಹಿತ ನುಂಗಿದರೆ, ಅದು ಕರಗದು, ಹೊರಗೂ ಹೋಗದು. ಒಂದರ ಮೇಲೊಂದು ಕೂಡಿ, ಹಗ್ಗದ ಉಂಡೆಯಂತೆ ಗಟ್ಟಿಯಾಗಿ ಹೊಟ್ಟೆ ತುಂಬುತ್ತದೆ. ಹೊಟ್ಟೆ ತುಂಬಿಯೂ ಪಶು ಹಸಿವಿನಿಂದ ಸೊರಗುತ್ತದೆ. ಆಂಧ್ರಪ್ರದೇಶದ ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ಇಂಥ ಪಶುಗಳ ಸಂಕಟವನ್ನೇ ಮುಂದಿಟ್ಟು 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಬಸವ ಎಂಬ ಹೆಸರನ್ನು ನಿತ್ಯ ನಾಲಗೆಯಲ್ಲಿಟ್ಟುಕೊಂಡವರು ನಾವು. ಗೋಮಯದ ಭಸ್ಮವನ್ನು ಹಣೆಗೆ ಧರಿಸುವವರು ನಾವು. ನಮ್ಮ ದಾಸೋಹದ ಎಂಜಲೆಲೆಯ ಕವರು ಒಂದು ಮೂಕಪ್ರಾಣಿಯ ಹೊಟ್ಟೆಯಲ್ಲಿ ಗಂಟಾಗಿ ಕುಳಿತರೆ, ಆ ದಾಸೋಹದ ಪುಣ್ಯವೆಲ್ಲಿ ಉಳಿಯಿತು?

ಬಿಸಿಲಿಗೆ ಪುಡಿಯಾದ ಪಾಲಿಥೀನ್ ಕಣ್ಮರೆಯಾಯಿತೆಂದು ಸಮಾಧಾನ ಪಡುವಂತೆಯೂ ಇಲ್ಲ. ಕಾಣದಾದದ್ದು ಇಲ್ಲವಾಗಲಿಲ್ಲ. ನೆದರ್ಲೆಂಡ್ಸಿನಲ್ಲಿ 2022ರಲ್ಲಿ 22 ಜನರ ರಕ್ತವನ್ನು ಪರೀಕ್ಷಿಸಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಕಣಗಳು ದೊರೆತವು. ಅವುಗಳಲ್ಲಿ ಪಾಲಿಥೀನೂ ಇತ್ತು. ಇಟಲಿಯ ವೈದ್ಯರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊರಳ ರಕ್ತನಾಳದ ಕೊಬ್ಬಿನ ಅಡಚಣೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡ 257 ರೋಗಿಗಳ ಪೈಕಿ 150 ಜನರ ಆ ಕೊಬ್ಬಿನಲ್ಲಿ ಪಾಲಿಥೀನ್ ಕಂಡುಬಂದಿತು. ಅಂಥ ಕಣಗಳಿದ್ದವರಲ್ಲಿ ಮುಂದಿನ ಸುಮಾರು ಮೂರು ವರ್ಷಗಳೊಳಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಮರಣದ ಸಂಭವ, ಇಲ್ಲದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಾಗಿದ್ದಿತು. ಕಣಗಳೇ ಅದಕ್ಕೆ ಕಾರಣವೆಂದು ಆ ಅಧ್ಯಯನ ಸಿದ್ಧಪಡಿಸಲಿಲ್ಲ. ಆದರೂ ಎಚ್ಚರವಾಗಲು ಇಷ್ಟು ಸಾಕು.

ಇಲ್ಲಿಗೆ ‘ಜೈವಿಕವಾಗಿ ಕಳಿಯುವ ಚೀಲ’ ಎಂದು ಅಚ್ಚೊತ್ತಿ ಮಾರುವವರ ವಿಚಾರ ಬರುತ್ತದೆ. ನಾಲ್ಕು ಕಾಸು ಹೆಚ್ಚು ಕೊಟ್ಟು ಅದನ್ನು ಕೊಂಡು ನಿಶ್ಚಿಂತರಾದ ಭಕ್ತರು ಬಹಳ ಮಂದಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಹಲವು ಬಗೆಯ ಚೀಲಗಳನ್ನು ಮಣ್ಣಿನಲ್ಲಿ, ಸಮುದ್ರದಲ್ಲಿ, ಬಯಲಿನಲ್ಲಿ ಮೂರು ವರ್ಷ ಇಟ್ಟು 2019ರಲ್ಲಿ ಫಲವನ್ನು ಪ್ರಕಟಿಸಿದರು. ‘ಕಳಿಯುತ್ತದೆ’ ಎಂದು ಬರೆದಿದ್ದ ಚೀಲ ಮೂರು ವರ್ಷ ಮಣ್ಣಿನಲ್ಲಿದ್ದ ಮೇಲೆಯೂ ಎರಡು ಕಿಲೋಗೂ ಮಿಕ್ಕಿ ಸಾಮಾನನ್ನು ಹೊರಬಲ್ಲದಾಗಿತ್ತು. ಪಾಲಿಥೀನಿಗೆ ಲೋಹದ ಲವಣ ಬೆರೆಸಿ ಬೇಗ ಪುಡಿಯಾಗುವಂತೆ ಮಾಡಿದ ಇನ್ನೊಂದು ಬಗೆಯೂ ಉಂಟು. ಅದು ಚೂರಾಗುತ್ತದೆ, ಚೂರು ಉಳಿಯುತ್ತದೆ. ಯೂರೋಪಿನ ಒಕ್ಕೂಟ 2019ರಲ್ಲಿ ಕಾನೂನು ಮಾಡಿ ಅಂಥವುಗಳ ಮಾರಾಟವನ್ನು 2021ರ ಜುಲೈಯಿಂದ ನಿಲ್ಲಿಸಿತು. ಪಾಲಿಥೀನ್ ಅಲ್ಲದ, ಪಿಷ್ಟ ಮೊದಲಾದವುಗಳಿಂದ ಮಾಡಿದ, ಗೊಬ್ಬರವಾಗಬಲ್ಲ ಚೀಲಗಳ ಜಾತಿ ಬೇರೆ. ಅವುಗಳಿಗೂ ಬಿಸಿ, ತೇವಗಳನ್ನು ಹದವಾಗಿ ಕಾಯ್ದ ದೊಡ್ಡ ಗೊಬ್ಬರ ಘಟಕ ಬೇಕು. ದಾರಿಬದಿಯ ಚರಂಡಿ ಆ ಘಟಕವಾಗದು. ಕಾಗದದ ಲೋಟವೆಂದು ನಂಬಿ ನಾವು ಜಾತ್ರೆಯಲ್ಲಿ ಹಂಚುವ ಚಹದ ಲೋಟದ ಒಳಮೈಗೂ ಸಾಮಾನ್ಯವಾಗಿ ಪಾಲಿಥೀನಿನ ಲೇಪವಿರುತ್ತದೆ. ಕಾಗದ ಕಳಿದ ಮೇಲೆ ಆ ಪೊರೆ ತಿಪ್ಪೆಯಲ್ಲಿ ಉಳಿಯುತ್ತದೆ.

ಸರಕಾರ ಸುಮ್ಮನಿದ್ದಿತೆಂದು ಹೇಳುವಂತಿಲ್ಲ. ಕರ್ನಾಟಕ ಸರಕಾರ 2016ರ ಮಾರ್ಚ್ ತಿಂಗಳಿನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ ಮುಂತಾದವುಗಳನ್ನು ನಿಷೇಧಿಸಿತು. ಕೇಂದ್ರ ಸರಕಾರ ಕೈಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೂ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಕಡಿಮೆ ಇರಕೂಡದೆಂದು ಗೊತ್ತುಪಡಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳು 2022ರ ಜುಲೈ 1ರಿಂದ ನಿಷಿದ್ಧವಾದವು. ಆದರೂ ಸಂತೆಗೆ ಬರಿಗೈಯಲ್ಲಿ ಹೋಗಿ, ತರಕಾರಿ ಮಾರುವ ಬಡ ಹೆಣ್ಣುಮಗಳನ್ನು “ಕವರು ಕೊಡವ್ವಾ” ಎಂದು ಕಾಡುವವರು ನಾವೇ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುವವರೂ ನಾವೇ. ದಂಡ ಬೀಳುವುದು ಮಾತ್ರ ಆಕೆಗೆ. ಇದು ನ್ಯಾಯವಲ್ಲ.

ನಮ್ಮ ಶರಣ ಪರಂಪರೆಯಲ್ಲಿ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆ ಎಲ್ಲರಿಗೂ ತಿಳಿದುದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕುದನ್ನು ಹಿಂದಕ್ಕೆ ಸುರಿದು ಬನ್ನಿರೆಂದು ಲಕ್ಕಮ್ಮನವರು ಹೇಳಿದರು. ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವುದು, ನೆಲಕ್ಕೆ ಬಿದ್ದುದನ್ನು ಎತ್ತುವುದು, ಈ ಎರಡರಲ್ಲಿ ಇಂದಿನ ನಮ್ಮ ಸಮಸ್ಯೆಯ ಪರಿಹಾರ ಬಹುಮಟ್ಟಿಗೆ ಅಡಗಿದೆ. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದರು. ಆ ಹಗ್ಗ ಸವೆದು ಬಿದ್ದೆಡೆ ಹುಲ್ಲಿಗೇ ಗೊಬ್ಬರವಾಯಿತು. ಕಾಯಕವೆಂದರೆ ವಸ್ತುವನ್ನು ತಯಾರಿಸಿದಲ್ಲಿಗೆ ಮುಗಿಯುವುದಿಲ್ಲ. ಅದು ಕೊನೆಗೆ ಎಲ್ಲಿ ಹೋಗಿ ಸೇರುವುದೆಂಬ ಹೊಣೆಯೂ ಅದರೊಳಗೆ ಬರುತ್ತದೆ.

ಆದುದರಿಂದ ಪ್ರತಿಯೊಂದು ಮನೆಯಲ್ಲಿ ಆಚರಣೆಗೆ ತರಬಹುದಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಪಾಲಿಥೀನ್ ತಿಪ್ಪೆಗೆ ಹೋಗದಂತೆ ಅಡುಗೆಮನೆಯಲ್ಲಿಯೇ ಒಂದು ಪ್ರತ್ಯೇಕ ಚೀಲ ತೂಗುಹಾಕಿರಿ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಅಂಟಿಕೊಂಡಿರುವಂತೆ ಸೀಳಿ, ತೊಳೆದು ಒಣಗಿಸಿ, ಗುಜರಿಯವರಿಗೆ ಇಲ್ಲವೆ ಪಂಚಾಯಿತಿಯ ಕಸದ ಗಾಡಿಗೆ ಕೊಡಿರಿ. ಶುದ್ಧವಾದ ಪಾಲಿಥೀನನ್ನು ಕರಗಿಸಿ ಮತ್ತೆ ಬಳಸಬಹುದು. ಸಾರು ಬಳಿದುದನ್ನು ಯಾರೂ ಕೊಳ್ಳರು. ಅನ್ನವನ್ನು ಕವರಿನಲ್ಲಿ ಗಂಟು ಹಾಕಿ ಬೀದಿಗೆ ಎಂದೆಂದಿಗೂ ಎಸೆಯಬೇಡಿರಿ. ಸುಡಲೂ ಬೇಡಿರಿ, ಅದರ ಹೊಗೆ ನಮ್ಮ ಮಕ್ಕಳ ಉಸಿರಿಗೇ ಬರುತ್ತದೆ.

ಕಲ್ಲಂಗಡಿ, ಮೆಣಸಿನಕಾಯಿ ಬೆಳೆಯುವ ರೈತ ಬಂಧುಗಳು ಸಾಲಿಗೆ ಹೊದಿಸಿದ ಮಲ್ಚಿಂಗ್ ಹಾಳೆಯನ್ನು ಬೆಳೆ ಮುಗಿದೊಡನೆ, ಅದು ಹರಿದು ಚಿಂದಿಯಾಗುವ ಮೊದಲೇ, ಸುರುಳಿ ಸುತ್ತಿ ತೆಗೆಯಬೇಕು. ಅದರ ಮೇಲೆ ನೇಗಿಲು ಹೊಡೆದರೆ ಆ ಚೂರುಗಳನ್ನು ಮೊಮ್ಮಕ್ಕಳೂ ಆಯಲಾರರು. ಸಾಧ್ಯವಿದ್ದಲ್ಲಿ ಕಬ್ಬಿನ ರವದಿ, ಭತ್ತದ ಹುಲ್ಲುಗಳನ್ನು ಹೊದಿಸಿರಿ. ಅವು ತೇವವನ್ನೂ ಕಾಯುತ್ತವೆ, ಮಣ್ಣಿನ ಜೀವಿಗಳಿಗೆ ಪ್ರಸಾದವೂ ಆಗುತ್ತವೆ.

ದಾಸೋಹಕ್ಕೆ ಸ್ಟೀಲಿನ ತಾಟು-ಲೋಟಗಳನ್ನೂ, ಅವು ಸಾಲದೆಡೆ ಮುತ್ತಲ ಎಲೆ, ಬಾಳೆ ಎಲೆಗಳನ್ನೂ ಬಳಸಬೇಕು. ತಾಟು ತೊಳೆಯುವುದು ಕೀಳು ಕೆಲಸವಲ್ಲ, ಅದೂ ಒಂದು ಸೇವೆ. ಮದುವೆ-ಗುರುಪ್ರವೇಶಗಳಲ್ಲಿ ತಾಂಬೂಲಕ್ಕೆ ಬಟ್ಟೆಚೀಲ ಕೊಡುವವರು ಗಟ್ಟಿಯಾದುದನ್ನೇ ಕೊಡಲಿ. ಪಡೆದವರು ಅದನ್ನು ಹರಿಯುವತನಕ ಸಂತೆಗೆ ಒಯ್ಯಲಿ. ಹತ್ತಿ ಬೆಳೆಯಲೂ ನೀರು ಬೇಕು, ಶ್ರಮ ಬೇಕು. ನಾಲ್ಕು ಸಲ ಬಳಸಿ ಮೂಲೆಗೆ ಒಗೆದ ಬಟ್ಟೆಚೀಲ ಬರಿಯ ಡಂಭಾಚಾರವಾದೀತು.

ಸೂಕ್ಷ್ಮಜೀವಿಗಳು ತಮ್ಮ ಕಾಯಕವನ್ನು ಬಿಟ್ಟಿಲ್ಲ. ಬಿಸಿಲು ಮೆತ್ತಗೆ ಮಾಡಿಕೊಟ್ಟ ಹಾಳೆಯನ್ನು ಅಲ್ಲೊಂದು ಇಲ್ಲೊಂದು ಕೂದಲೆಳೆಯಷ್ಟು ಕರಗಿಸುತ್ತಲೇ ಇವೆ. ನಾಳೆ ವಿಜ್ಞಾನಿಗಳು ಅವುಗಳ ಕಿಣ್ವವನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ, ಸಂಗ್ರಹಿಸಿ ತಂದ ಪಾಲಿಥೀನನ್ನು ಬಗೆಹರಿಸುವ ಕಾಲ ಬಂದರೆ ಅದು ಸಂತೋಷದ ಸಂಗತಿಯೇ. ಆಗಲೂ ಅದನ್ನು ಹೊಲದಿಂದ, ಹಳ್ಳದಿಂದ, ತಿಪ್ಪೆಯಿಂದ ಆಯ್ದು ಆ ಪಾತ್ರೆಯ ವರೆಗೆ ಒಯ್ಯಬೇಕಾದುದು ಮನುಷ್ಯರ ಕೈಗಳೇ. ಕಾಯಕವನ್ನು ಇನ್ನೊಬ್ಬರ ಮೇಲೆ ಹೊರಿಸಿ ತಾನು ಕುಳಿತು ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ಆ ಇನ್ನೊಬ್ಬರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಆದರೂ ಈ ಮಾತು ಬದಲಾಗದು.

ಬರುವ ದೀಪಾವಳಿಗೆ ತಿಪ್ಪೆಗೆ ದೀಪವಿಡುವ ಮುನ್ನ ಮನೆಮಂದಿಯೆಲ್ಲ ಸೇರಿ ಒಮ್ಮೆ ಅದನ್ನು ತಿರುವಿ, ಅದರೊಳಗಿನ ಪಾಲಿಥೀನನ್ನೆಲ್ಲ ಆಯ್ದು ತೆಗೆಯಿರಿ. ದೀಪವನ್ನು ಆಮೇಲೆ ಇಡಿರಿ.